ಮೆದುಳು ಕಾಪಾಡುವ ಗಿಡಮೂಲಿಕೆ ಕ್ಯಾಪ್ಸೂಲ್: ಮೆಥ್ ಬಿಟ್ಟ ತಮ್ಮನಿಗೆ ಕೊಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಎರಡು ವರ್ಷ ಮೆಥ್ (ಮೆಥಾಂಫೆಟಮೀನ್ ಅನ್ನುವ ಉತ್ತೇಜಕ ಡ್ರಗ್) ತಗೊಳ್ತಿದ್ದ, ನಡುವೆ ಕೆಲವು ಸಲ ಕೊಕೇನ್ ಕೂಡ. ಬಿಟ್ಟು ನಾಲ್ಕು ತಿಂಗಳಾಯ್ತು. ಆದರೆ ಹೇಳಿದ್ದು ನೆನಪಿರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಇಡೀ ದಿನ ಮಂಕಾಗಿ ಕೂತಿರ್ತಾನೆ. ಕರ್ಕ್ಯುಮಿನ್, ಗ್ರೀನ್ ಟೀ ಸಾರ, ರೆಸ್ವೆರಟ್ರಾಲ್, ಅಶ್ವಗಂಧ ಇವೆಲ್ಲ ಮೆಥ್‌ನಿಂದ ಮೆದುಳಿಗೆ ಆಗುವ ಹಾನಿ ತಡೆಯುತ್ತವೆ ಅಂತ ಓದಿದೆ. ಯಾವುದು ಕೊಡಲಿ, ಎಷ್ಟು ಕೊಡಲಿ? ಎಲ್ಲ ಒಟ್ಟಿಗೆ ಕೊಟ್ಟರೆ ತೊಂದರೆ ಇದೆಯಾ? ಇನ್ನೊಂದು, ಈಗ ಕಾಫಿ ಸಿಕ್ಕಾಪಟ್ಟೆ ಕುಡೀತಾನೆ. ಬಿಡಿಸಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಈ ನಾಲ್ಕರಲ್ಲಿ ಯಾವುದನ್ನೂ ಈಗ ದುಡ್ಡು ಕೊಟ್ಟು ತರಬೇಡಿ. ಒಟ್ಟಿಗೆ ಕೊಡುವುದಂತೂ ಬೇಡವೇ ಬೇಡ.

ನೀವು ಓದಿದ್ದು ಸುಳ್ಳು ಅಂತಲ್ಲ. ಆ ಸಂಶೋಧನೆಗಳು ನಿಜವಾಗಿ ನಡೆದಿವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಅವು ಉತ್ತರ ಹುಡುಕಿದ್ದು ನಿಮ್ಮ ಪ್ರಶ್ನೆಗಲ್ಲ. ಡ್ರಗ್ ಮೈಯೊಳಗೆ ಹೋಗುವ ಮೊದಲೇ ಈ ವಸ್ತು ಕೊಟ್ಟಿದ್ದರೆ ಹಾನಿ ಕಡಿಮೆ ಆಗುತ್ತಿತ್ತಾ ಅನ್ನುವುದು ಅವರ ಪ್ರಶ್ನೆ. ನಿಮ್ಮ ತಮ್ಮ ಬಿಟ್ಟು ನಾಲ್ಕು ತಿಂಗಳಾಗಿದೆ. ಅವನಿಗೆ ಬೇಕಿರುವುದು ಆಗಿಹೋದ ಹಾನಿ ಸರಿಹೋಗುವುದು. ತಡೆಯುವುದೇ ಬೇರೆ, ಆಗಿಹೋದದ್ದನ್ನು ಸರಿಪಡಿಸುವುದೇ ಬೇರೆ. ಈ ಎರಡನೇ ಕೆಲಸಕ್ಕೆ ಯಾವ ಕ್ಯಾಪ್ಸೂಲಿಗಿಂತಲೂ ಒಳ್ಳೆಯ ಸಾಕ್ಷಿ ಇರುವುದು ಮೆದುಳಿನ ಸ್ವಂತ ಶಕ್ತಿಗೆ, ಅದೂ ಮನುಷ್ಯರ ಸ್ಕ್ಯಾನ್‌ಗಳಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಹಾನಿ ಹೇಗೆ ಆಗುತ್ತದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ಗಿಡದ ವಸ್ತುಗಳ ಆಸೆ ಹುಟ್ಟಿದ್ದೇ ಅಲ್ಲಿಂದ. ನರಕೋಶಗಳು ಡೋಪಮೀನನ್ನು (ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕ) ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಚೀಲದೊಳಗೆ ಇರುವವರೆಗೆ ಅದರಿಂದ ತೊಂದರೆ ಇಲ್ಲ. ಬಳಸಿದ ಡೋಪಮೀನನ್ನು ವಾಪಸ್ ಒಳಗೆ ಎಳೆದುಕೊಳ್ಳಲು ಕೋಶಕ್ಕೆ ಒಂದು ಬಾಗಿಲಿದೆ, ಅದಕ್ಕೆ ಡೋಪಮೀನ್ ಟ್ರಾನ್ಸ್‌ಪೋರ್ಟರ್ ಅನ್ನುತ್ತಾರೆ. ಮೆಥ್ ಅದೇ ಬಾಗಿಲಿನಿಂದ ಒಳಗೆ ನುಗ್ಗಿ, ಚೀಲಗಳಲ್ಲಿದ್ದ ಡೋಪಮೀನನ್ನೆಲ್ಲ ಹೊರಗೆ ಚೆಲ್ಲಿಸಿ, ಬಾಗಿಲನ್ನೇ ಉಲ್ಟಾ ತಿರುಗಿಸಿ ಅದನ್ನು ಆಚೆಗೂ ದೂಡುತ್ತದೆ. ತಗೊಂಡವರಿಗೆ ಅನ್ನಿಸುವ ಖುಷಿ ಆಚೆಗೆ ಹೋದ ಡೋಪಮೀನಿನದು. ಹಾನಿಯ ದೊಡ್ಡ ಪಾಲು ಕೋಶದೊಳಗೇ ಚೆಲ್ಲಿ ಉಳಿದದ್ದರದು. ಅದು ಆಕ್ಸಿಡೀಕರಣಗೊಂಡು ಕ್ವಿನೋನ್, ಹೈಡ್ರೋಜನ್ ಪೆರಾಕ್ಸೈಡ್ ಥರದ ವಸ್ತುಗಳಾಗುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಡುತ್ತವೆ. ಜೊತೆಗೆ ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಅನ್ನುವ ರಾಸಾಯನಿಕ ಮಿತಿಮೀರಿ ಸುರಿಯುತ್ತದೆ, ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿ ಉರಿಯೂತ ಶುರುವಾಗುತ್ತದೆ, ಮೈಬಿಸಿ ಏರುತ್ತದೆ. ಇಷ್ಟೆಲ್ಲ ಆದರೂ ಹಾಳಾಗುವುದು ಹೆಚ್ಚಾಗಿ ನರಕೋಶದ ತುದಿಗಳು, ಇಡೀ ಕೋಶ ಅಲ್ಲ. ಇದು ನಿಮ್ಮ ತಮ್ಮನ ಮಟ್ಟಿಗೆ ಬಹಳ ಮುಖ್ಯವಾದ ಮಾತು, ನೆನಪಿಟ್ಟುಕೊಳ್ಳಿ.

ಕೊಕೇನ್ ಕಥೆ ಬೇರೆ. ಅದು ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತದೆ, ಒಳಗೆ ಹೋಗುವುದಿಲ್ಲ. ಹಾಗಾಗಿ ನರತುದಿಗಳನ್ನು ಮೆಥ್ ಸುಡುವ ರೀತಿಯಲ್ಲಿ ಸುಡುವುದಿಲ್ಲ. ಆದರೆ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ರಕ್ತದೊತ್ತಡ ಏರಿಸುತ್ತದೆ, ಚಿಕ್ಕ ವಯಸ್ಸಿನವರಿಗೂ ಪಾರ್ಶ್ವವಾಯು ಹೊಡೆಯಬಹುದು. ಎಂಡಿಎಂಎ (ಎಕ್ಸ್ಟಸಿ ಅನ್ನುವ ಪಾರ್ಟಿ ಡ್ರಗ್) ಮುಖ್ಯವಾಗಿ ಪೆಟ್ಟು ಕೊಡುವುದು ಸೆರೊಟೋನಿನ್ ಅನ್ನುವ ಇನ್ನೊಂದು ಸಂದೇಶ ರಾಸಾಯನಿಕದ ನರತುದಿಗಳಿಗೆ. ಅಂದಮೇಲೆ "ಉತ್ತೇಜಕ ಡ್ರಗ್‌ಗಳ ಹಾನಿ ತಡೆಯುತ್ತದೆ" ಅಂತ ಒಂದೇ ಸಾಲಿನಲ್ಲಿ ಬರೆದ ಜಾಹೀರಾತು ನೋಡಿದ ತಕ್ಷಣ, ಯಾವ ಡ್ರಗ್, ಯಾವ ಹಾನಿ ಅಂತ ಕೇಳಬೇಕು. ಉತ್ತರ ಸಿಗುವುದಿಲ್ಲ.

ಮೆಥ್ ಹಾನಿಯಲ್ಲಿ ಆಕ್ಸಿಡೀಕರಣ, ಉರಿಯೂತ ಎರಡೂ ಇರುವುದರಿಂದ, ಇವೆರಡನ್ನೂ ತಗ್ಗಿಸುವ ಗಿಡದ ವಸ್ತುಗಳನ್ನು ಪರೀಕ್ಷೆ ಮಾಡೋಣ ಅಂತ ಯಾರಿಗಾದರೂ ಹೊಳೆಯುವುದು ಸಹಜವೇ. ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ರೆಸ್ವೆರಟ್ರಾಲ್, ಕ್ವೆರ್ಸೆಟಿನ್, ಬೈಕಾಲಿನ್, ಜಿನ್ಸೆಂಗ್‌ನ ಜಿನ್ಸೆನೊಸೈಡ್‌ಗಳು, ಬ್ರೊಕೊಲಿಯಿಂದ ಬರುವ ಸಲ್ಫೊರಫೇನ್, ಹೀಗೆ ಪಟ್ಟಿ ಉದ್ದ ಇದೆ. ಇಲಿಗಳಲ್ಲಿ ಇವುಗಳ ಫಲಿತಾಂಶ ಬಹುತೇಕ ಚೆನ್ನಾಗಿಯೇ ಬಂದಿದೆ. ಪರೀಕ್ಷಿಸಿದ್ದೆಲ್ಲ ಪಾಸಾಗುತ್ತಿದೆ ಅಂದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಫೇಲಾದ ಪ್ರಯೋಗಗಳು ಅಷ್ಟಾಗಿ ಅಚ್ಚಾಗುವುದೇ ಇಲ್ಲ.

ಇಂಥ ಒಂದು ಪ್ರಯೋಗ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಡ್ರಗ್ ಕಂಡೇ ಇರದ, ಒಂದೇ ವಯಸ್ಸಿನ, ಆರೋಗ್ಯವಾದ ಗಂಡು ಇಲಿಗಳನ್ನು ತೆಗೆದುಕೊಳ್ಳುತ್ತಾರೆ. ಗಿಡದ ವಸ್ತುವನ್ನು ಹೊಟ್ಟೆಯ ಪೊರೆಯೊಳಗೆ ಇಂಜೆಕ್ಷನ್ ಮಾಡುತ್ತಾರೆ. ಅರ್ಧ ಗಂಟೆ ಬಿಟ್ಟು ಮೆಥ್. ಎರಡು ಗಂಟೆಗೆ ಒಂದು ಸಲದಂತೆ ಒಟ್ಟು ನಾಲ್ಕು ಇಂಜೆಕ್ಷನ್, ಪ್ರತಿಸಲ ಕಿಲೋ ತೂಕಕ್ಕೆ 5ರಿಂದ 10 ಮಿಲಿಗ್ರಾಂ. ಮಧ್ಯೆ ಮಧ್ಯೆ ಗುದದ್ವಾರದಲ್ಲಿ ತೆಳ್ಳಗಿನ ಕಡ್ಡಿ ಇಟ್ಟು ಮೈಬಿಸಿ ಅಳೆಯುತ್ತಾರೆ, ಒಳ್ಳೆಯ ಪ್ರಯೋಗಾಲಯವಾದರೆ. ಕೆಲವು ದಿನ ಕಳೆದ ಮೇಲೆ ಇಲಿಯನ್ನು ಕೊಂದು, ಮೆದುಳಿನ ಸ್ಟ್ರೈಯೇಟಮ್ ಅನ್ನುವ ಭಾಗದ ತೆಳ್ಳನೆ ಚೂರುಗಳಿಗೆ ಬಣ್ಣ ಹಾಕಿ, ಡೋಪಮೀನ್ ನರತುದಿ ಎಷ್ಟು ಉಳಿದಿವೆ ಅಂತ ನೋಡುತ್ತಾರೆ. ಬರೀ ಮೆಥ್ ಕೊಟ್ಟ ಇಲಿಯ ಚೂರು ಬಿಳಿಚಿಕೊಂಡಿರುತ್ತದೆ. ಗಿಡದ ವಸ್ತುವನ್ನೂ ಕೊಟ್ಟ ಇಲಿಯದು ಇನ್ನೂ ಗಾಢ. ಪಕ್ಕಪಕ್ಕ ಇಟ್ಟರೆ ಫೋಟೋ ಸೊಗಸಾಗಿ ಕಾಣುತ್ತದೆ, ಹೆಡ್‌ಲೈನ್ ಹುಟ್ಟುವುದು ಅಲ್ಲೇ.

ಈಗ ನಿಮ್ಮ ತಮ್ಮನನ್ನು ಆ ಇಲಿಯ ಪಕ್ಕ ಇಟ್ಟು ನೋಡಿ. ಇಲಿಗೆ ಒಂದೇ ದಿನ ಡ್ರಗ್, ಅವನು ಎರಡು ವರ್ಷ ತಗೊಂಡಿದ್ದಾನೆ. ಇಲಿಗೆ ಗಿಡದ ವಸ್ತು ಡ್ರಗ್‌ಗಿಂತ ಮೊದಲು ಸಿಕ್ಕಿತು, ಅವನಿಗೆ ನಾಲ್ಕು ತಿಂಗಳ ನಂತರ. ಇಲಿಗೆ ಇಂಜೆಕ್ಷನ್, ಅವನಿಗೆ ಬಾಯಲ್ಲಿ ನುಂಗುವ ಕ್ಯಾಪ್ಸೂಲ್. ಕೋಶದೊಳಗೆ ಚೆಲ್ಲಿದ ಡೋಪಮೀನ್ ಆಕ್ಸಿಡೀಕರಣಗೊಳ್ಳುವುದು ಗಂಟೆಗಳ ಲೆಕ್ಕದ ಆಟ. ಅದು ಮುಗಿದು ತಿಂಗಳುಗಳಾದ ಮೇಲೆ ಆಂಟಿಆಕ್ಸಿಡೆಂಟ್ ಕೊಟ್ಟರೆ ತಡೆಯುವುದಕ್ಕೆ ಅಲ್ಲಿ ಏನಿದೆ? ಉರಿಯೂತ ಸ್ವಲ್ಪ ಕಾಲ ಉಳಿದಿರಬಹುದು, ಆ ದಾರಿಯಲ್ಲಿ ಉಪಯೋಗ ಆಗಬಹುದು ಅಂತ ವಾದಿಸುವವರಿದ್ದಾರೆ. ವಾದ ಕೇಳಲು ಚೆನ್ನಾಗಿದೆ, ಅದನ್ನು ಮನುಷ್ಯರಲ್ಲಿ ಮಾಡಿ ತೋರಿಸಿದ ಕ್ಯಾಪ್ಸೂಲ್ ಮಾತ್ರ ಇಲ್ಲ.

ಇನ್ನೊಂದು ಸಿಕ್ಕು ಮೈಬಿಸಿಯದು. ಜನ ಇದನ್ನು ಓದಿಯೇ ಇರುವುದಿಲ್ಲ. ಮೆಥ್ ಕೊಟ್ಟ ಇಲಿಯನ್ನು ತಂಪು ಕೋಣೆಯಲ್ಲಿ ಇಟ್ಟರೆ, ಬೇರೆ ಯಾವ ಔಷಧಿಯೂ ಇಲ್ಲದೆ ಹಾನಿ ಗಣನೀಯವಾಗಿ ಇಳಿಯುತ್ತದೆ. ಮೈಬಿಸಿ ಇಳಿಸುವ ಯಾವ ವಸ್ತು ಕೊಟ್ಟರೂ ಅದು "ಮೆದುಳು ರಕ್ಷಕ" ಆಗಿ ಕಾಣುತ್ತದೆ. ಹೀಗೆ ರಕ್ಷಕ ಅನ್ನಿಸಿಕೊಂಡ ಕೆಲವು ರಾಸಾಯನಿಕಗಳನ್ನು ಕೊಟ್ಟು, ಇಲಿಯ ಮೈಯನ್ನು ಬೇಕಂತಲೇ ಬಿಸಿಯಾಗಿ ಇಟ್ಟು ನೋಡಿದಾಗ, ರಕ್ಷಣೆ ಬಹುಪಾಲು ಮಾಯವಾಯಿತು. ಮೆಥ್ ಒಳಗೆ ನುಗ್ಗುವ ಬಾಗಿಲನ್ನೇ ಮುಚ್ಚುವ ವಸ್ತುವೂ ಇದೇ ಥರ ರಕ್ಷಕನ ವೇಷ ಹಾಕಬಲ್ಲದು. ಹಾಗಾಗಿ ಇಂಥ ಲೇಖನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮೈಬಿಸಿಯ ಗ್ರಾಫನ್ನು. ಅದಿಲ್ಲದಿದ್ದರೆ ಮುಂದಕ್ಕೆ ಓದುವ ಉತ್ಸಾಹ ಅರ್ಧ ಇಳಿದುಹೋಗುತ್ತದೆ.

ಪ್ರಾಣಿ ಪ್ರಯೋಗಗಳಲ್ಲಿ ಎಂಥ ಎಡವಟ್ಟು ಆಗಬಹುದು ಅನ್ನುವುದಕ್ಕೆ ಈ ಕ್ಷೇತ್ರದಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ, ಪಾರ್ಟಿಗಳಲ್ಲಿ ಜನ ತಗೊಳ್ಳುವಷ್ಟೇ ಪ್ರಮಾಣದ ಎಂಡಿಎಂಎ ಕೊಟ್ಟರೆ ಕೋತಿಗಳ ಡೋಪಮೀನ್ ನರಗಳು ತೀವ್ರವಾಗಿ ಹಾಳಾಗುತ್ತವೆ ಅಂತ ಲೇಖನ ಬಂತು, ದೊಡ್ಡ ಸುದ್ದಿಯೂ ಆಯಿತು. ಮಾರನೇ ವರ್ಷ ಅದನ್ನು ವಾಪಸ್ ತಗೊಂಡರು. ಬಾಟಲಿಗಳ ಲೇಬಲ್ ಅದಲುಬದಲಾಗಿ, ಕೋತಿಗಳಿಗೆ ಕೊಟ್ಟಿದ್ದು ಎಂಡಿಎಂಎ ಅಲ್ಲ, ಮೆಥ್! ಎಲ್ಲ ಪ್ರಯೋಗವೂ ಹೀಗೇ ಅಂತಲ್ಲ. ಒಂದು ಪ್ರಯೋಗ ನೋಡಿ ಮನೆಯವರ ಬಾಯಿಗೆ ಮಾತ್ರೆ ಹಾಕಬೇಡಿ ಅಂತಷ್ಟೇ.

ಈಗ ನಿಮ್ಮ ಪಟ್ಟಿಗೆ ಬರೋಣ.

ಕರ್ಕ್ಯುಮಿನ್ ಅರಿಶಿನದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 3ರಷ್ಟು ಇರುತ್ತದೆ. ಬಾಯಲ್ಲಿ ತಗೊಂಡರೆ ಕರುಳು ಮತ್ತು ಲಿವರ್ ಸೇರಿಕೊಂಡು ಅದನ್ನು ಬೇಗ ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ, ರಕ್ತಕ್ಕೆ ಸೇರುವುದೇ ಅತ್ಯಲ್ಪ, ಮೆದುಳಿಗೆ ಇನ್ನೂ ಅತ್ಯಲ್ಪ. ಅದಕ್ಕೇ ಕಾಳುಮೆಣಸಿನ ಪೈಪರೀನ್ ಸೇರಿಸಿ ಮಾರುತ್ತಾರೆ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಮನುಷ್ಯರ ರಕ್ತದಲ್ಲಿ ಅದರ ಲಭ್ಯತೆ ಶೇ. 2000ದಷ್ಟು ಏರಿತ್ತು. ಡಬ್ಬಿಯ ಮೇಲೆ ಹಾಕುವ ಸಂಖ್ಯೆ ಅದೇ. ಆದರೆ ಸೊನ್ನೆಗೆ ಹತ್ತಿರ ಇದ್ದದ್ದನ್ನು ಎಷ್ಟು ಪಟ್ಟು ಮಾಡಿದರೂ ಬರುವುದು ಸಣ್ಣ ಸಂಖ್ಯೆಯೇ ಅಲ್ವಾ? ಮೇಲಾಗಿ ಪೈಪರೀನ್ ಈ ಕೆಲಸ ಮಾಡುವುದು ಮೈ ಔಷಧಿಗಳನ್ನು ಹೊರಹಾಕುವ ವ್ಯವಸ್ಥೆಯನ್ನು ತಡೆದು. ನಿಮ್ಮ ತಮ್ಮ ಖಿನ್ನತೆಗೋ ನಿದ್ದೆಗೋ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಪ್ರಮಾಣವೂ ರಕ್ತದಲ್ಲಿ ಏರಬಹುದು. ಇನ್ನೊಂದು ವಿಷಯ ರಸಾಯನಶಾಸ್ತ್ರದವರು 2017ರಲ್ಲಿ ಖಡಕ್ಕಾಗಿ ಬರೆದರು. ಕರ್ಕ್ಯುಮಿನ್ ತಾನೇ ಹೊಳೆಯುವ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ವಸ್ತು, ಹಾಗಾಗಿ ಪ್ರಯೋಗಾಲಯದ ಎಷ್ಟೋ ಪರೀಕ್ಷೆಗಳನ್ನು ಅದು ಸುಮ್ನೆ ಮೋಸಗೊಳಿಸುತ್ತದೆ. ಅಲ್ಲಿಯವರೆಗೆ ನಡೆದಿದ್ದ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳಲ್ಲಿ, ಪ್ಲಾಸಿಬೊ (ಔಷಧಿ ಇಲ್ಲದ ಸುಳ್ಳು ಮಾತ್ರೆ) ಜೊತೆ ಹೋಲಿಸಿದ, ಯಾರಿಗೆ ಯಾವುದು ಸಿಕ್ಕಿತು ಅಂತ ಕೊಟ್ಟವರಿಗೂ ತಗೊಂಡವರಿಗೂ ಗೊತ್ತಿರದ ಸರಿಯಾದ ಡಬಲ್ ಬ್ಲೈಂಡ್ ಪ್ರಯೋಗ ಒಂದೂ ಗೆದ್ದಿಲ್ಲ ಅನ್ನುವುದು ಅವರ ತೀರ್ಮಾನ. ಅಡುಗೆಯ ಅರಿಶಿನಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದನ್ನು ತಿನ್ನಲಿ. ಸಾಂದ್ರವಾದ ಕ್ಯಾಪ್ಸೂಲ್‌ನಿಂದ ಲಿವರ್ ಹಾನಿಯಾದ ವರದಿಗಳಿವೆ, ಒಂದು ನಿರ್ದಿಷ್ಟ ಜೀನ್ ಇರುವವರಿಗೆ ಅಪಾಯ ಜಾಸ್ತಿ ಅಂತಲೂ ಗೊತ್ತಾಗಿದೆ.

ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರದ ಕ್ಯಾಪ್ಸೂಲ್ ಬೇರೆ. ಕ್ಯಾಪ್ಸೂಲ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ತಗೊಂಡರೆ ಲಿವರ್‌ಗೆ ಪೆಟ್ಟಾದ ಸೂಚನೆಗಳು ರಕ್ತದಲ್ಲಿ ಕಾಣುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಎರಡು ವರ್ಷ ಮೆಥ್ ತಗೊಂಡವನ ಲಿವರ್ ಹೇಗಿದೆ ಅಂತ ಪರೀಕ್ಷೆ ಮಾಡಿಸದೆ ಇದನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸೂಜಿ ಬಳಸಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಹೇಗೂ ಆಗಲೇಬೇಕು.

ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರುಳಿನಿಂದ ಚೆನ್ನಾಗಿ ಹೀರಿಕೊಳ್ಳುತ್ತದೆ, ಆದರೆ ಮೂಲರೂಪದಲ್ಲಿ ರಕ್ತದಲ್ಲಿ ಉಳಿಯುವುದು ಶೇ. 1ಕ್ಕಿಂತ ಕಡಿಮೆ. ಅಲ್ಲಿಗೆ ಮುಗಿಯಿತು.

ಅಶ್ವಗಂಧಕ್ಕೆ ಮನುಷ್ಯರಲ್ಲಿ ಸ್ವಲ್ಪ ಪುರಾವೆ ಇದೆ, ಆದರೆ ಅದು ಒತ್ತಡ ಮತ್ತು ನಿದ್ದೆಗೆ, ಮೆಥ್ ಹಾನಿಗೆ ಅಲ್ಲ. ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಕೊಡಬಹುದು, ಬೇರೆ ನಿದ್ದೆ ಮಾತ್ರೆಯ ಮಂಪರನ್ನು ಹೆಚ್ಚಿಸಬಹುದು. ಇಲ್ಲಿ ಗಮನಿಸಿ: ನಾಲ್ಕರಲ್ಲಿ ಮೂರು ಲಿವರ್ ಹಾನಿಯ ವರದಿ ಇರುವಂಥವು. ಒಟ್ಟಿಗೆ ಬೇಡವೇ ಬೇಡ ಅಂದಿದ್ದು ಇದಕ್ಕೇ. ನಾಳೆ ಕಣ್ಣು ಹಳದಿಯಾದರೆ ಯಾವುದರಿಂದ ಅಂತ ಹುಡುಕುವುದಕ್ಕೂ ಆಗುವುದಿಲ್ಲ.

ಪ್ರಮಾಣದ ಬಗ್ಗೆಯೂ ಕೇಳಿದ್ದೀರಿ. ಸುಂಡಿಲಿಗೆ ಕಿಲೋಗೆ 100 ಮಿಲಿಗ್ರಾಂ ಕೊಟ್ಟಿದ್ದಾರೆ, ನನ್ನ ತೂಕ 60 ಕಿಲೋ, ಹಾಗಾದರೆ 6 ಗ್ರಾಂ ಅಂತ ಲೆಕ್ಕ ಹಾಕಿ ನುಂಗುವವರಿದ್ದಾರೆ. ಪ್ರಾಣಿ ಚಿಕ್ಕದಾದಷ್ಟೂ ಅದರ ಮೈ ಔಷಧಿಯನ್ನು ಬೇಗ ಕರಗಿಸುತ್ತದೆ, ಅದಕ್ಕೇ ಸುಂಡಿಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವಾಗ ಸುಮಾರು 12ರಿಂದ ಭಾಗಿಸುತ್ತಾರೆ. ಆಗ ಬರುವುದು 500 ಮಿಲಿಗ್ರಾಂ. ಅದೂ ಹೊಸ ಔಷಧಿಯ ಮೊದಲ ಸುರಕ್ಷತಾ ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು ಅನ್ನುವ ಅಂದಾಜಿಗೆ ಇರುವ ಲೆಕ್ಕ, ಮನೆಯಲ್ಲಿ ಡೋಸ್ ನಿರ್ಧರಿಸುವುದಕ್ಕಲ್ಲ.

ಹಾಗಾದರೆ ಈ ದಾರಿಯಲ್ಲಿ ಏನೂ ಇಲ್ಲವಾ ಅಂದರೆ, ನನಗೆ ಕುತೂಹಲ ಇರುವ ಎರಡು ವಸ್ತುಗಳಿವೆ. ಒಂದು ಸಲ್ಫೊರಫೇನ್. ಇದು ತಾನೇ ಹೋಗಿ ಆಕ್ಸಿಡೀಕರಣ ತಡೆಯುವುದಿಲ್ಲ, ಕೋಶದೊಳಗಿನ ಎನ್‌ಆರ್‌ಎಫ್2 ಅನ್ನುವ ಸ್ವಿಚ್ ಒತ್ತಿ, ಕೋಶವೇ ತನ್ನ ರಕ್ಷಣಾ ಕಿಣ್ವಗಳನ್ನು ಜಾಸ್ತಿ ತಯಾರಿಸುವ ಹಾಗೆ ಮಾಡುತ್ತದೆ. ಅಣು ಚಿಕ್ಕದು, ಮೆದುಳಿಗೆ ದಾಟಬಲ್ಲದು. ಜಪಾನಿನ ಸಂಶೋಧಕರು 2012ರಲ್ಲಿ ಇದು ಇಲಿಗಳಲ್ಲಿ ಮೆಥ್ ಹಾನಿಯನ್ನು ತಗ್ಗಿಸಿದ್ದನ್ನು ತೋರಿಸಿದರು. ಇನ್ನೊಂದು ಟೆಟ್ರಾಹೈಡ್ರೊಪಾಲ್ಮಟೀನ್, ಕೊರಿಡಾಲಿಸ್ ಅನ್ನುವ ಗಿಡದ ಗೆಡ್ಡೆಯಲ್ಲಿ ಇರುವಂಥದ್ದು. ಇದರ ಗುರಿ ಡೋಪಮೀನ್ ಗ್ರಾಹಕಗಳು (ಡೋಪಮೀನಿನ ಸಂದೇಶ ಹಿಡಿಯುವ ಪ್ರೋಟೀನುಗಳು), ಅಂದರೆ ಹಾನಿಗಿಂತ ಚಟದ ಕಡೆಗೆ. ಚೀನಾದಲ್ಲಿ ಹೆರಾಯಿನ್ ಬಿಟ್ಟವರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತುಡಿತ ಕಡಿಮೆಯಾಗಿತ್ತು. ಕೊಕೇನ್ ಬಳಸುವವರಲ್ಲಿ ಸುರಕ್ಷತೆಯ ಸಣ್ಣ ಪರೀಕ್ಷೆಯೂ ಆಗಿದೆ. ಆದರೆ ಇದೇ ವಸ್ತು ಇದ್ದ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ಇವೆ, ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಲು ಹೋಗಬೇಡಿ, ದಯವಿಟ್ಟು.

ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತದ್ದಕ್ಕೆ ಉದಾಹರಣೆ ಬೇಕಾ? ಎನ್-ಅಸಿಟೈಲ್ ಸಿಸ್ಟೀನ್ ಗಿಡದ್ದಲ್ಲ, ಆದರೆ ಆಂಟಿಆಕ್ಸಿಡೆಂಟ್ ವಾದದ ದೊಡ್ಡ ಭರವಸೆ ಅದೇ ಆಗಿತ್ತು. ಆಸ್ಟ್ರೇಲಿಯಾದಲ್ಲಿ 153 ಜನ ಮೆಥ್ ಬಳಕೆದಾರರಿಗೆ 12 ವಾರ, ದಿನಕ್ಕೆ 2400 ಮಿಲಿಗ್ರಾಂನಂತೆ ಅದನ್ನೋ ಪ್ಲಾಸಿಬೊವನ್ನೋ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಮೆಥ್ ಬಳಕೆ ಕಡಿಮೆ ಆಗಲಿಲ್ಲ. ಅದೇ ವರ್ಷ ಗಾಂಜಾ ಗಿಡದ ಸಿಬಿಡಿಯನ್ನು ದಿನಕ್ಕೆ 800 ಮಿಲಿಗ್ರಾಂನಂತೆ ಕೊಕೇನ್ ಚಟ ಇದ್ದವರಲ್ಲಿ ಪರೀಕ್ಷಿಸಿದ ಫಲಿತಾಂಶವೂ ಬಂತು. 78 ಜನರ ಆ ಪ್ರಯೋಗದಲ್ಲಿ ತುಡಿತವೂ ಇಳಿಯಲಿಲ್ಲ, ಮತ್ತೆ ಶುರುಮಾಡುವುದೂ ತಪ್ಪಲಿಲ್ಲ. ಈ ಎರಡೂ ಪ್ರಯೋಗಗಳು ಅಳೆದದ್ದು ಚಟವನ್ನು, ನರತುದಿಗಳನ್ನಲ್ಲ, ಅದು ನಿಜ. ಆದರೂ ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಎಷ್ಟು ದೂರ ಅಂತ ಗೊತ್ತಾಗುತ್ತದೆ.

"ಗಿಡದ್ದಲ್ವಾ, ಏನೂ ಆಗಲ್ಲ" ಅನ್ನುವವರಿಗೆ ಒಂದು ಮಾತು. ಕೊಕೇನ್ ಕೂಡ ಗಿಡದ್ದೇ, ಕೋಕಾ ಎಲೆಯಿಂದ ಬರುವಂಥದ್ದು. ಮೆಥ್ ಅನ್ನು 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಮೊದಲು ತಯಾರಿಸಿದ್ದು ಎಫೆಡ್ರಾ ಗಿಡದ ಎಫೆಡ್ರಿನ್‌ನಿಂದ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆಯನ್ನು ಮನಸ್ಸಿನ ಬೇಸರಕ್ಕೆ ಅಂತ ಮಾರುತ್ತಾರೆ. ಖಿನ್ನತೆಯ ಮಾತ್ರೆ ಅಥವಾ ಎಂಡಿಎಂಎ ಜೊತೆ ಅದು ಸೇರಿದರೆ ಸೆರೊಟೋನಿನ್ ವಿಪರೀತ ಏರಿ ಜೀವಕ್ಕೇ ಅಪಾಯ ಆಗಬಹುದು. ಗೋಲ್ಡನ್‌ಸೀಲ್ ಇನ್ನೊಂದು. ಮೆಥ್ ಮತ್ತು ಎಂಡಿಎಂಎ ಎರಡನ್ನೂ ಕರಗಿಸುವ ಲಿವರ್ ಕಿಣ್ವವನ್ನೇ ಅದು ತಡೆಯುತ್ತದೆ, ಅಂದರೆ ಡ್ರಗ್ ಮೈಯಲ್ಲಿ ಇನ್ನೂ ಜಾಸ್ತಿ ಹೊತ್ತು ಕೂರುತ್ತದೆ. ಇನ್ನೂ ಬಳಸುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ವಿಷಯ ನೇರವಾಗಿ ಹೇಳುತ್ತೇನೆ: ಮೊದಲು ಕ್ಯಾಪ್ಸೂಲ್ ನುಂಗಿ ಆಮೇಲೆ ಮೆಥ್ ತಗೊಂಡರೆ ಮೆದುಳು ಸೇಫ್ ಅನ್ನುವುದಕ್ಕೆ ಆಧಾರ ಇಲ್ಲ. ಮೈ ಕಾದು ಸುಡುತ್ತಿದ್ದರೆ, ಎದೆನೋವು ಬಂದರೆ, ಮಾತು ತೊದಲಿದರೆ, ಗೊಂದಲ ಅಥವಾ ಫಿಟ್ಸ್ ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ, ಏನು ತಗೊಂಡಿದ್ದು ಅಂತ ಮುಚ್ಚಿಡದೆ ಹೇಳಿ. ಆ ಹೊತ್ತಿನಲ್ಲಿ ಮೆದುಳನ್ನು ಕಾಪಾಡುವುದು ಮೈಬಿಸಿ ಇಳಿಸುವುದು.

ಈಗ ನಿಮ್ಮ ತಮ್ಮನ ವಿಷಯ. ಅಮೆರಿಕದಲ್ಲಿ ನೋರಾ ವೋಲ್ಕೊವ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪೆಟ್ ಸ್ಕ್ಯಾನ್ (ಮೆದುಳಿನೊಳಗಿನ ರಾಸಾಯನಿಕ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಧ್ಯಯನ ನಿಮಗೆ ಬೇಕಾದದ್ದು. ಮೆಥ್ ಬಿಟ್ಟು ಆರು ತಿಂಗಳೂ ಆಗಿರದ ಐದು ಜನರನ್ನು ಸ್ಕ್ಯಾನ್ ಮಾಡಿದರು, ಅದೇ ಜನರನ್ನು ಬಿಟ್ಟು 12ರಿಂದ 17 ತಿಂಗಳಾದ ಮೇಲೆ ಮತ್ತೆ ಮಾಡಿದರು. ನಾನು ಮೊದಲು ಹೇಳಿದ ಆ ಬಾಗಿಲುಗಳು, ಡೋಪಮೀನ್ ಟ್ರಾನ್ಸ್‌ಪೋರ್ಟರ್‌ಗಳು, ಮೆದುಳಿನ ಕಾಡೇಟ್ ಭಾಗದಲ್ಲಿ ಶೇ. 19, ಪುಟಾಮೆನ್‌ನಲ್ಲಿ ಶೇ. 16 ಏರಿದ್ದವು. ಯಾವ ಕ್ಯಾಪ್ಸೂಲೂ ಇಲ್ಲದೆ, ಬಿಟ್ಟು ದೂರ ಇದ್ದದ್ದರಿಂದ. ಐದೇ ಜನ, ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಮತ್ತೆ ಒಂದು ಕಹಿ ಮಾತೂ ಅದರಲ್ಲೇ ಇದೆ. ಬಾಗಿಲುಗಳು ವಾಪಸ್ ಬಂದಷ್ಟು ಬೇಗ ನೆನಪು ಮತ್ತು ಚಲನೆಯ ಪರೀಕ್ಷೆಗಳ ಅಂಕ ಸುಧಾರಿಸಿರಲಿಲ್ಲ. ಸ್ಕ್ಯಾನ್ ಮುಂದೆ ಓಡುತ್ತದೆ, ಮನುಷ್ಯ ನಿಧಾನಕ್ಕೆ ಹಿಂದೆ ಬರುತ್ತಾನೆ. ನಾಲ್ಕು ತಿಂಗಳಿಗೆ ಮಂಕಾಗಿ ಕೂತಿದ್ದಾನೆ ಅಂದರೆ ಅವನು ಸೋಮಾರಿಯಾಗಿದ್ದಾನೆ ಅಂತಲೂ ಅಲ್ಲ, ಮೆದುಳು ಪೂರ್ತಿ ಹೋಯಿತು ಅಂತಲೂ ಅಲ್ಲ. ಈ ಹಂತದಲ್ಲಿ ಇದು ಮಾಮೂಲಿ.

ಹಾಗಂತ ಎಲ್ಲವನ್ನೂ ಮೆಥ್ ಮೇಲೆ ಹಾಕಿ ಕೂರಬೇಡಿ. ಮರೆವು, ನಿರಾಸಕ್ತಿ ಖಿನ್ನತೆಯ ಲಕ್ಷಣಗಳೂ ಹೌದು, ಖಿನ್ನತೆಗೆ ಚಿಕಿತ್ಸೆ ಇದೆ. ಮನೋವೈದ್ಯರಿಗೆ ತೋರಿಸಿ. ಥೈರಾಯ್ಡ್, ಬಿ12, ರಕ್ತಹೀನತೆ, ಲಿವರ್ ಪರೀಕ್ಷೆ ಒಂದು ಸಲ ಆಗಲಿ. ಬದುಕೋದೇ ಬೇಡ ಅನ್ನುವ ಥರದ ಮಾತು ಅವನ ಬಾಯಲ್ಲಿ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಕೈನಡುಕ, ನಡಿಗೆ ನಿಧಾನ ಆಗುವುದು ಕಂಡರೂ ವೈದ್ಯರಿಗೆ ಹೇಳಿ. ಮೆಥ್ ಬಳಸಿದವರಿಗೆ ಮುಂದೆ ಪಾರ್ಕಿನ್ಸನ್ಸ್ ಬರುವ ಸಾಧ್ಯತೆ ಹೆಚ್ಚು ಅಂತ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳ ಅಧ್ಯಯನ 2012ರಲ್ಲಿ ತೋರಿಸಿದೆ. ಈ ವಯಸ್ಸಿನಲ್ಲಿ ಬರುವ ಸಾಧ್ಯತೆ ತೀರಾ ಕಡಿಮೆ, ಗಾಬರಿ ಬೇಡ.

ಕ್ಯಾಪ್ಸೂಲಿಗೆ ಇಟ್ಟ ದುಡ್ಡು ಮತ್ತು ಗಮನವನ್ನು ಬೇರೆ ಕಡೆ ಹಾಕಬೇಕು ಅಂದರೆ ನನ್ನ ಮೊದಲ ಆಯ್ಕೆ ವ್ಯಾಯಾಮ. ಚಿಕಿತ್ಸೆಯಲ್ಲಿದ್ದ ಮೆಥ್ ಬಳಕೆದಾರರಿಗೆ ಎಂಟು ವಾರ ವ್ಯಾಯಾಮ ಮಾಡಿಸಿದಾಗ ಸ್ಟ್ರೈಯೇಟಮ್‌ನಲ್ಲಿ ಡೋಪಮೀನ್ ಗ್ರಾಹಕಗಳು ಏರಿದ್ದು 2016ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿದೆ. ನೀವು ಹೇಳಿದ ನಾಲ್ಕು ಕ್ಯಾಪ್ಸೂಲ್‌ಗಳಲ್ಲಿ ಒಂದಕ್ಕೂ ಇಂಥ ಸಾಕ್ಷಿ ಇಲ್ಲ. ಜಿಮ್ಮೇ ಆಗಬೇಕಿಲ್ಲ. ಆಸಕ್ತಿ ಇಲ್ಲದವನಿಗೆ "ಹೋಗಿ ಓಡು" ಅಂದರೆ ಆಗುವುದಿಲ್ಲ, ನೀವೇ ಜೊತೆಗೆ ಹೊರಡಬೇಕು, ದಿನಾ ಒಂದೇ ಹೊತ್ತಿಗೆ, ಬೆವರು ಬರುವಷ್ಟು ಬಿರುಸಾಗಿ ನಡೆದರೂ ಸಾಕು.

ಎರಡನೆಯದು ಮತ್ತೆ ಬೀಳದಂತೆ ನೋಡಿಕೊಳ್ಳುವುದು. ಮೆಥ್ ಚಟಕ್ಕೆ ಈವರೆಗೆ ಅತ್ಯಂತ ಗಟ್ಟಿ ಪುರಾವೆ ಇರುವುದು ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಅನ್ನುವ ವಿಧಾನಕ್ಕೆ: ಮೂತ್ರ ಪರೀಕ್ಷೆ ಕ್ಲೀನ್ ಬಂದಾಗಲೆಲ್ಲ ಒಂದು ಸಣ್ಣ ಬಹುಮಾನ. ಕೇಳಿದರೆ ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ. ಔಷಧಿಯಲ್ಲಿ, 403 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್‌ಟ್ರೆಕ್ಸೋನ್ ಇಂಜೆಕ್ಷನ್ ಮತ್ತು ಬುಪ್ರೊಪಿಯಾನ್ ಮಾತ್ರೆ ಸೇರಿಸಿ ಕೊಟ್ಟಾಗ ಶೇ. 13.6 ಜನರಿಗೆ ಗುಣ ಕಂಡಿತು, ಪ್ಲಾಸಿಬೊ ಗುಂಪಿನಲ್ಲಿ ಶೇ. 2.5. ದೊಡ್ಡ ಸಂಖ್ಯೆ ಅಲ್ಲ, ಆದರೆ ನಿಜವಾದ ಸಂಖ್ಯೆ. ಅದು ಇನ್ನೂ ಬಳಸುತ್ತಿದ್ದವರ ಮೇಲೆ ನಡೆದದ್ದು, ಹಾಗಾಗಿ ನಿಮ್ಮ ತಮ್ಮನಿಗೆ ಈಗ ಬೇಕಾ ಬೇಡವಾ ಅಂತ ವೈದ್ಯರೇ ನೋಡಬೇಕು.

ಇಷ್ಟೆಲ್ಲ ಕೇಳಿಯೂ ಅವನೇ ಏನಾದರೂ ತಗೊಳ್ಳುತ್ತೇನೆ ಅಂತ ಹಟ ಹಿಡಿದರೆ, ಜಗಳ ಆಡಬೇಡಿ. ಒಂದೇ ಒಂದು ಇರಲಿ, ಲಿವರ್ ಪರೀಕ್ಷೆ ಮೊದಲು ಆಗಲಿ, ವೈದ್ಯರಿಗೆ ಡಬ್ಬಿ ತೋರಿಸಿ. ಸಲ್ಫೊರಫೇನ್ ಆಸೆ ಇದ್ದರೆ ಬ್ರೊಕೊಲಿ ತಿನ್ನಲಿ, ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೇಯಿಸಿದರೆ ಒಳ್ಳೆಯದು, ಹೆಚ್ಚಿದಾಗಲೇ ಅದರ ಕಿಣ್ವ ಕೆಲಸ ಶುರುಮಾಡಿ ಸಲ್ಫೊರಫೇನ್ ಹುಟ್ಟುವುದು. ಮೆಥ್ ಹಾನಿ ಅದರಿಂದ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ತರಕಾರಿ ತಿಂದರೆ ನಷ್ಟ ಇಲ್ಲ ಅಂತ ಹೇಳುತ್ತಿದ್ದೇನೆ.

ಕೊನೆಯದಾಗಿ ಕಾಫಿ. ಪೂರ್ತಿ ಬಿಡಿಸಬೇಕಿಲ್ಲ. ಉತ್ತೇಜಕ ಬಿಟ್ಟವರು ಕಾಫಿ, ಸಿಗರೇಟಿನ ಕಡೆ ವಾಲುವುದು ಸಾಮಾನ್ಯ, ಈಗಲೇ ಅದನ್ನೂ ಕಿತ್ತುಕೊಂಡರೆ ತಲೆನೋವು, ಸಿಡುಕು ಶುರುವಾಗಿ ಇನ್ನೊಂದು ರಗಳೆ. ಆದರೆ ಅವನಿಗೆ ಈಗ ಬೇಕಾದದ್ದು ನಿದ್ದೆ, ಅದನ್ನೇ ಕಾಫಿ ತಿನ್ನುತ್ತಿರಬಹುದು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಊಟದ ನಂತರ ಬೇಡ ಅನ್ನಿ, ಬೆಳಿಗ್ಗೆ ಎರಡು ಕಪ್ ಕುಡಿಯಲಿ. ಮತ್ತೆ ಎಂದಾದರೂ ಡ್ರಗ್ ಕಡೆ ಜಾರಿದರೆ ಅದರ ಜೊತೆ ಕಾಫಿ, ಎನರ್ಜಿ ಡ್ರಿಂಕ್ ಎರಡೂ ಮುಟ್ಟಬಾರದು ಅಂತ ಅವನಿಗೆ ಗೊತ್ತಿರಲಿ. ಎಂಡಿಎಂಎ ಜೊತೆ ಕೆಫೀನ್ ಕೊಟ್ಟ ಇಲಿಗಳಲ್ಲಿ ಮೈಬಿಸಿ ಇನ್ನೂ ಏರಿ, ಸಾವುಗಳೂ ಹೆಚ್ಚಾಗಿದ್ದವು.